ಚೀಟಿಗೂ ಬಾಯಿಗೂ ನಡುವೆ

"ಅತ್ತೆಗೆ ಕಾಲು ಊದೈತೆ ಅಕ್ಕಾ, ಒತ್ತಿದ್ರೆ ಗುಳಿ ಬೀಳ್ತೈತೆ" ಅಂದಳು ಪಕ್ಕದ ಮನೆಯಾಕೆ, ದಾಸವಾಳದ ಬೇಲಿ ಆಚೆ ನಿಂತು. ಶಿವಮೊಗ್ಗದ ಆಸ್ಪತ್ರೆಯಿಂದ ಮುದುಕಿಯನ್ನು ತರೀಕೆರೆಗೆ ಕರಕೊಂಡು ಬಂದು ಇನ್ನೂ ತಿಂಗಳಾಗಿರಲಿಲ್ಲ. ಹಾರ್ಟೋ ಕಿಡ್ನಿಯೋ ಅಂತ ಅವಳಿಗೆ ದಿಗಿಲು. "ಇರಮ್ಮ, ಮೊದಲು ಮಾತ್ರೆ ಡಬ್ಬಿ ತಗೊಂಡು ಬಾ" ಅಂದೆ.

ತಂದಳು. ಬಿಸ್ಕತ್ತಿನ ಹಳೇ ಟಿನ್ನು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುರಿದೆವು. ಅರ್ಧ ಕತ್ತರಿಸಿದ ಸ್ಟ್ರಿಪ್ಪುಗಳು, ಒಂದೊಂದೇ ಮಾತ್ರೆ ಉಳಿದ ತುಂಡುಗಳು, ಹೋದ ವರ್ಷದ ಕೆಮ್ಮಿನ ಸಿರಪ್ಪು, ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು. ಒಂದೊಂದೇ ಸ್ಟ್ರಿಪ್ಪನ್ನು ಮಗುಚಿ ಬೆನ್ನಿನ ಅಕ್ಷರ ಓದುತ್ತಾ ಹೋದೆ. ಒಂದು ಬೆಳ್ಳಿ ಬಣ್ಣದ್ದು, ತರೀಕೆರೆಯಲ್ಲೇ ಎರಡು ವರ್ಷದಿಂದ ತರುತ್ತಿದ್ದ ಬಿ.ಪಿ. ಮಾತ್ರೆ, ಒಳಗಿರುವುದು ಅಮ್ಲೋಡಿಪಿನ್ 5 ಮಿಲಿಗ್ರಾಂ. ಇನ್ನೊಂದು ಕೆಂಪು ಬಣ್ಣದ್ದು, ಶಿವಮೊಗ್ಗದಲ್ಲಿ ಹೊಸದಾಗಿ ಬರೆದದ್ದು; ಒಳಗೆ ಟೆಲ್ಮಿಸಾರ್ಟಾನ್ 40, ಅದರ ಜೊತೆಗೆ ಅಮ್ಲೋಡಿಪಿನ್ 5. ಮುದುಕಿ ಬೆಳಿಗ್ಗೆ ಅದನ್ನೂ ನುಂಗುತ್ತಿದ್ದಳು, ಇದನ್ನೂ ನುಂಗುತ್ತಿದ್ದಳು.

"ಹಳೇದು ನಿಲ್ಸಿ ಅಂತ ಯಾರೂ ಹೇಳ್ಲಿಲ್ಲ ಅಕ್ಕಾ. ಬಣ್ಣ ಬೇರೆ, ಹೆಸ್ರು ಬೇರೆ. ಬೇರೆ ಮಾತ್ರೆ ಅಂತ್ಲೇ ಅಂದ್ಕೊಂಡೆ."

ಅಮ್ಲೋಡಿಪಿನ್‌ಗೆ ಪಾದ ಊದಿಸುವ ಗುಣ ಇದೆ, ಪ್ರಮಾಣ ಹೆಚ್ಚಾದಷ್ಟೂ ಊತವೂ ಹೆಚ್ಚು. ನನ್ನ ಮಾತಿನ ಮೇಲೆ ಯಾವುದನ್ನೂ ನಿಲ್ಲಿಸಬೇಡ ಅಂತ ಹೇಳಿ, ಎರಡೂ ಸ್ಟ್ರಿಪ್ಪಿನ ಫೋಟೋ ತೆಗೆಸಿ ಆವತ್ತೇ ಡಾಕ್ಟರಿಗೆ ಫೋನ್ ಮಾಡಿಸಿದೆ. ಹಳೆಯದನ್ನು ಅವರು ಬಿಡಿಸಿದರು. ವಾರ ಕಳೆಯುವುದರೊಳಗೆ ಪಾದ ಇಳಿಯಿತು. ಬರೀ ಕಾಲೂತ ಅಂತ ಹೇಳಿಕೊಂಡು ಬೇರೆ ಯಾರ ಹತ್ತಿರವಾದರೂ ಹೋಗಿದ್ದರೆ ನೀರಿಳಿಸುವ ಮಾತ್ರೆ ಒಂದು ಸೇರುತ್ತಿತ್ತು, ಅದರಿಂದ ಸುಸ್ತು, ಸುಸ್ತಿಗೆ ಮತ್ತೊಂದು ಟಾನಿಕ್ಕು. ಒಂದು ಮಾತ್ರೆಯ ಉಪದ್ರವಕ್ಕೆ ಇನ್ನೊಂದು ಮಾತ್ರೆ ಬರೆಯುತ್ತಾ ಹೋಗುವ ಈ ಸರಪಳಿ ವಯಸ್ಸಾದವರಲ್ಲಿ ಎಷ್ಟು ಸಾಮಾನ್ಯ ಅನ್ನುವುದು ಡಾಕ್ಟರುಗಳಿಗೂ ಗೊತ್ತು.

ಇದರಲ್ಲಿ ತಪ್ಪು ಯಾರದು ಅಂತ ಅವಳು ಕೇಳಿದಳು. ಡಾಕ್ಟರು ಬರೆದದ್ದು ಸರಿಯಾದ ಮಾತ್ರೆ. ಮೆಡಿಕಲ್‌ನವರು ಕೊಟ್ಟದ್ದೂ ಚೀಟಿಯಲ್ಲಿ ಇದ್ದದ್ದನ್ನೇ. ಸೊಸೆ ಒಂದು ದಿನವೂ ತಪ್ಪಿಸದೆ ನುಂಗಿಸಿದಳು. ಮೂವರೂ ತಮ್ಮ ತಮ್ಮ ಕೆಲಸ ಮಾಡಿದರು, ಆದರೆ ಮೂವರಲ್ಲಿ ಯಾರೂ ಇನ್ನೊಬ್ಬರನ್ನು ಕೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದ ತಪ್ಪುಗಳ ವಿರುದ್ಧ ಜಗತ್ತಿಗೆಲ್ಲ ಒಂದು ಕರೆ ಕೊಟ್ಟಿತು. ಇಂಥ ತಪ್ಪುಗಳಿಂದ ವರ್ಷಕ್ಕೆ 4,200 ಕೋಟಿ ಡಾಲರ್ ನಷ್ಟ ಅಂತ ಆಗ ಅಂದಾಜು ಮಾಡಿದ್ದರು. ಎಲ್ಲಿ ಹೆಚ್ಚು ಎಚ್ಚರ ಬೇಕು ಅಂತ ಮೂರು ಜಾಗಗಳನ್ನೂ ಗುರುತು ಮಾಡಿದ್ದರು: ಅಪಾಯ ಹೆಚ್ಚಿರುವ ಸಂದರ್ಭಗಳು, ಒಬ್ಬರೇ ಹಲವಾರು ಮಾತ್ರೆ ನುಂಗುವುದು, ಒಂದು ಕಡೆಯ ಚಿಕಿತ್ಸೆಯಿಂದ ಇನ್ನೊಂದು ಕಡೆಗೆ ದಾಟುವ ಹೊತ್ತು. ಕಡೂರು, ತರೀಕೆರೆ, ಅಜ್ಜಂಪುರ, ನಮ್ಮ ಈ ಮೂರು ತಾಲೂಕಿನ ಜನಕ್ಕೆ ಆ ದಾಟುವ ಹೊತ್ತು ತಪ್ಪಿದ್ದಲ್ಲ. ಕಡೂರಿನವರು ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗುತ್ತಾರೆ, ರೈಲು ಹತ್ತಿ ಬೆಂಗಳೂರಿಗೂ ಹೋಗುತ್ತಾರೆ. ತರೀಕೆರೆಯವರಿಗೆ ಶಿವಮೊಗ್ಗ. ಅಜ್ಜಂಪುರದವರಿಗೆ ಶಿವಮೊಗ್ಗ, ಇಲ್ಲವಾದರೆ ದಾವಣಗೆರೆ. ದೊಡ್ಡ ಊರಲ್ಲಿ ಬರೆಸಿಕೊಂಡು ಬಂದ ಚೀಟಿಗೆ ತಿಂಗಳು ತಿಂಗಳು ಮಾತ್ರೆ ತರುವುದು ಇಲ್ಲಿನ ಅಂಗಡಿಯಿಂದ. ಅಲ್ಲಿ ಬರೆದ ಕಂಪನಿಯ ಹೆಸರು ಇಲ್ಲಿ ಸಿಗುವುದಿಲ್ಲ. "ಅದೇ ಇದು, ಕಂಪನಿ ಬೇರೆ" ಅಂತ ಇನ್ನೊಂದು ಕೊಡುತ್ತಾರೆ. ಚೀಟಿಯ ಮೇಲಷ್ಟೇ ಮಾರಬೇಕಾದ ಔಷಧಗಳಿಗೆ ಹಾಗೆ ತಾವಾಗಿ ಬದಲಿ ಕೊಡುವಂತಿಲ್ಲ ಎಂದು ನಿಯಮ ಇದೆ. ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿದರೆ ಆ ಕೆಲಸ ಸಲೀಸು. ಕೇಳದೆ ಕೊಟ್ಟಾಗ ಮನೆಯಲ್ಲಿ ಹಳೇ ಸ್ಟ್ರಿಪ್ಪೂ ಇರುತ್ತದೆ, ಹೊಸದೂ ಇರುತ್ತದೆ, ಎರಡೂ ಹೊಟ್ಟೆಗೆ ಹೋಗುತ್ತವೆ.

ನಾನು ಸರ್ಕಾರಿ ಆಸ್ಪತ್ರೆಗಳ ಔಷಧ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ವರ್ಗಾವಣೆ ಮೇಲೆ ವರ್ಗಾವಣೆಯಾಗಿ ಈ ಮೂರೂ ತಾಲೂಕಿನ ನೀರು ಕುಡಿದಿದ್ದೇನೆ. ಮಾತ್ರೆ ಕೊಡುವ ಕಿಟಕಿ ಹೇಗಿರುತ್ತದೆ ಅಂತ ನೀವೆಲ್ಲ ಹೊರಗಿನಿಂದ ನೋಡಿದ್ದೀರಿ. ಒಳಗಿನಿಂದ ನೋಡಿದರೆ ಅದರ ಕಂಡಿಯಲ್ಲಿ ಕಾಣುವುದು ಕೈ ಮಾತ್ರ. ಅಡಿಕೆ ಸುಲಿದು ಕಪ್ಪಾದ ಬೆರಳುಗಳು ಚೀಟಿ ಹಿಡಿದು ಒಳಗೆ ಬರುತ್ತವೆ, ಬಳೆಯ ಕೈ ಬರುತ್ತದೆ, ಈರುಳ್ಳಿ ಮಣ್ಣು ಮೆತ್ತಿದ ಕೈ ಬರುತ್ತದೆ. ಮುಖ ಕಾಣಬೇಕಾದರೆ ನಾನು ಬಗ್ಗಬೇಕು, ಅವರೂ ಬಗ್ಗಬೇಕು. "ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ" ಅನ್ನುವಷ್ಟರಲ್ಲಿ ಹಿಂದಿನವರ ಕೈ ಬಂದಿರುತ್ತದೆ. ಆ ಕಂಡಿಯನ್ನು ಕಿತ್ತು ಎದುರುಬದುರು ನಿಂತು ಮಾತಾಡುವ ಕೌಂಟರ್ ಮಾಡಿ ಅಂತ ನಾನು ಹೋದಲ್ಲೆಲ್ಲ ಕೇಳಿದೆ. ಈಗಲೂ ಕೇಳುತ್ತೇನೆ. ಒಬ್ಬರ ಮಾತ್ರೆ ಇನ್ನೊಬ್ಬರ ಕೈಗೆ ಹೋಗುವುದು ಹೆಚ್ಚಾಗಿ ಇಂಥ ಕಂಡಿಯಲ್ಲೇ. ಒಂದೇ ಹೆಸರಿನ ಇಬ್ಬರು ಸಾಲಿನಲ್ಲಿದ್ದು ಹೆಸರು ಕೂಗಿದರೆ ಮುಗಿಯಿತು.

"ತಲೆ ಆಡಿಸ್ತಾರಲ್ಲ ಅಕ್ಕಾ, ಅರ್ಥ ಆಗಿರ್ತದಲ್ಲ?" ಅಂದಳು ಅವಳು.

ತಲೆ ಎಲ್ಲರೂ ಆಡಿಸುತ್ತಾರಮ್ಮ. ಬಿಳಿ ಕೋಟು ಹಾಕಿದವರ ಮುಂದೆ "ತಿಳೀಲಿಲ್ಲ" ಅನ್ನಲು ನಮ್ಮ ಜನಕ್ಕೆ ಸಂಕೋಚ. ಅದಕ್ಕೇ ತಿಳಿಯಿತಾ ಅಂತ ಕೇಳುವುದನ್ನು ಬಿಟ್ಟು ಅವರ ಬಾಯಲ್ಲೇ ಹೇಳಿಸಬೇಕು. ಅಮೆರಿಕದ ಮೂಲನಿವಾಸಿಗಳಿಗೆಂದೇ ಇರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಕೊಡುವವರು ಮೂರು ಪ್ರಶ್ನೆ ಕೇಳುವ ಪದ್ಧತಿ ಬೆಳೆಸಿದ್ದಾರೆ: ಇದು ಯಾತಕ್ಕೆ ಅಂತ ಡಾಕ್ಟರು ಹೇಳಿದರು? ಹೇಗೆ ತಗೊಳ್ಳಿ ಅಂದರು? ತಗೊಂಡ ಮೇಲೆ ಏನಾಗುತ್ತೆ ಅಂದರು? ಹೇಳುವುದನ್ನೆಲ್ಲ ರೋಗಿಯೇ ಹೇಳುತ್ತಾನೆ, ತಪ್ಪಿದ್ದಲ್ಲಿ ಇವರು ತಿದ್ದುತ್ತಾರೆ. ಇದನ್ನು ಓದಿದ ಮೇಲೆ ನಾನೂ ಕಿಟಕಿಯಲ್ಲಿ ಹಾಗೇ ಕೇಳತೊಡಗಿದೆ. "ಇದು ಯಾತಕ್ಕಜ್ಜ?" ಅಂದರೆ "ಶುಗರ್‌ಗೆ" ಅನ್ನುತ್ತಾರೆ, ಚೀಟಿ ನೋಡಿದರೆ ಬಿ.ಪಿ. ಮಾತ್ರೆ. ಅಲ್ಲೇ ಗೊತ್ತಾಗುತ್ತದೆ, ಒಂದೋ ಚೀಟಿ ಬದಲಾಗಿದೆ, ಇಲ್ಲವೇ ಅಜ್ಜನಿಗೆ ಯಾರೂ ಏನೂ ಹೇಳಿಲ್ಲ.

ಯಾತಕ್ಕೆ ಅಂತ ಕೇಳದೆ ಹೋದರೆ ಏನಾಗುತ್ತದೆ ಅನ್ನುವುದನ್ನು ಅಜ್ಜಂಪುರದ ಕಡೆ ಕಂಡೆ. ಈರುಳ್ಳಿ ಬೆಳೆಯುವ ಮನೆಯ ಯಜಮಾನ, ಗಂಟು ಗಂಟು ನೋವು. ದೊಡ್ಡ ಆಸ್ಪತ್ರೆಯಲ್ಲಿ ಸಂಧಿವಾತ ಅಂತ ಹೇಳಿ ಮೆಥೊಟ್ರೆಕ್ಸೇಟ್ ಬರೆದಿದ್ದರು, ಜೊತೆಗೆ ಫೋಲಿಕ್ ಆಸಿಡ್. ಈ ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೆ ವಾರಕ್ಕೆ ಒಂದೇ ದಿನ ತಗೊಳ್ಳುವ ಮದ್ದು. ದಿನಾ ತಗೊಂಡರೆ ವಿಷ. ರಕ್ತದ ಕಣಗಳು ಕುಸಿಯುತ್ತವೆ, ಬಾಯಿ, ಕರುಳಿನ ಒಳಪದರ ಹುಣ್ಣಾಗುತ್ತದೆ, ಜೀವಕ್ಕೇ ಸಂಚಕಾರ. ಎರಡೂ ಪುಟ್ಟ ಹಳದಿ ಮಾತ್ರೆಗಳು. ಚೀಟಿಯಲ್ಲಿ ವಾರಕ್ಕೊಮ್ಮೆ ಅಂತ ಇಂಗ್ಲಿಷಿನಲ್ಲಿ ಇತ್ತು. ಯಾವುದೋ ಅಂಗಡಿಯಲ್ಲಿ ಅವಸರದಲ್ಲಿ ಕವರ್ ಮೇಲೆ ಎರಡಕ್ಕೂ 1-0-0 ಅಂತ ಗೀಚಿ ಕೊಟ್ಟರು. ಯಜಮಾನ ಶಿಸ್ತಿನ ಮನುಷ್ಯ, ದಿನಾ ಬೆಳಿಗ್ಗೆ ಎರಡನ್ನೂ ನುಂಗಿದ. ಬಾಯಲ್ಲಿ ಹುಣ್ಣೆದ್ದಿತು. "ಉಷ್ಣ ಆಗೈತೆ" ಅಂತ ಹೆಂಡತಿ ಮಜ್ಜಿಗೆ ಕೊಟ್ಟಳು, ಮೆಂತ್ಯ ನೆನೆಸಿ ಕೊಟ್ಟಳು. ಮುದ್ದೆ ನುಂಗಲಾರದಷ್ಟು ಆದ ಮೇಲೆ ಆಸ್ಪತ್ರೆಗೆ ಬಂದರು. ಕವರ್ ನೋಡಿದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು. ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಉಳಿದುಕೊಂಡ, ಪುಣ್ಯ. ಇದು ನಮ್ಮೂರಿಗಷ್ಟೇ ಆದ ವಿಶೇಷ ಅಲ್ಲ. ವಾರದ ಮೆಥೊಟ್ರೆಕ್ಸೇಟನ್ನು ದಿನಾ ನುಂಗಿ ಜೀವ ಕಳಕೊಂಡ ಪ್ರಕರಣಗಳು ಬೇರೆ ಬೇರೆ ದೇಶಗಳಿಂದ ವರದಿಯಾಗಿವೆ. ಇದಕ್ಕೆ ಮದ್ದು ಬಹಳ ಸುಲಭ. ವಾರಕ್ಕೊಮ್ಮೆ ಅಂತ ಬರೆದರೆ ಸಾಲದು, ವಾರದ ಹೆಸರನ್ನೇ ಬರೆಯಬೇಕು. "ಸೋಮವಾರ ಮಾತ್ರ." ಫೋಲಿಕ್ ಆಸಿಡ್ ಕವರ್ ಬೇರೆ, ಇದರ ಕವರ್ ಬೇರೆ. ಮತ್ತು ನಾಲ್ಕು ವಾರಕ್ಕೆ ಬೇಕಾದಷ್ಟೇ ಎಣಿಸಿ ಕೊಡಬೇಕು.

ಹೆಸರುಗಳ ಗೋಜಲು ಇನ್ನೊಂದು. ನಮ್ಮ ದೇಶದಲ್ಲಿ ಔಷಧಗಳ ಕಂಪನಿ ಹೆಸರುಗಳು ಸಾವಿರ ಸಾವಿರ. ಕೇಳಲು ಒಂದೇ, ಬರೆದರೆ ಒಂದೇ, ಒಳಗಿನ ಮದ್ದು ಬೇರೆ. ಸುಪ್ರೀಂ ಕೋರ್ಟಿನವರೆಗೂ ಹೋದ ಒಂದು ಮೊಕದ್ದಮೆ ಇದೆ. ಫಾಲ್ಸಿಗೋ, ಫಾಲ್ಸಿಟ್ಯಾಬ್ ಅಂತ ಎರಡು ಹೆಸರು, ಎರಡೂ ಮೆದುಳಿನ ಮಲೇರಿಯಾಕ್ಕೆ, ಒಳಗಿನ ಔಷಧ ಮಾತ್ರ ಬೇರೆ ಬೇರೆ. 2001ರ ಮಾರ್ಚಿನಲ್ಲಿ ಕೋರ್ಟು ಹೇಳಿದ್ದು ಇಷ್ಟು: ಬೇರೆ ಸಾಮಾನಿನ ಹೆಸರು ಒಂದೇ ಥರ ಇದ್ದರೆ ಗಿರಾಕಿಗೆ ಮೋಸ ಆಗಬಹುದು, ಔಷಧದ ಹೆಸರು ಒಂದೇ ಥರ ಇದ್ದರೆ ಪ್ರಾಣ ಹೋಗಬಹುದು, ಹತ್ತಾರು ಭಾಷೆಗಳಿರುವ, ಓದು ಬರಹ ಬಾರದ ಜನ ಬಹಳ ಇರುವ ಈ ದೇಶದಲ್ಲಿ ಇನ್ನೂ ಬಿಗಿಯಾಗಿ ನೋಡಬೇಕು. ಆ ಮಾತು ನನಗೆ ಬಹಳ ಹಿಡಿಸಿತು. ಆದರೆ ಹೊಸ ಹೆಸರು ಇಡುವ ಕಂಪನಿ "ಇಂಥ ಹೆಸರು ಬೇರೆಲ್ಲೂ ಇಲ್ಲ" ಅಂತ ಮುಚ್ಚಳಿಕೆ ಬರೆದುಕೊಡಬೇಕು ಅನ್ನುವ ನಿಯಮ ಬರಲು 2019 ಆಗಬೇಕಾಯಿತು. ಅದಕ್ಕೆ ಮುಂಚೆ ಇಟ್ಟ ಹೆಸರುಗಳು ಅಂಗಡಿಯಲ್ಲಿ ಹಾಗೇ ಕೂತಿವೆ.

ಹೆಸರಿನ ಬಾಲದ್ದಂತೂ ದಿನಾ ಕಾಟ. ಒಂದೇ ಹೆಸರಿನ ಮುಂದೆ ಎಚ್, ಎಎಂ, ಪ್ಲಸ್, ಫೋರ್ಟೆ, ಎಸ್‌ಆರ್. ಶುಗರ್ ಮಾತ್ರೆಯಲ್ಲಿ ಎಂ1, ಎಂ2. ಎಂ1 ಅಂದರೆ ಗ್ಲಿಮೆಪಿರೈಡ್ 1 ಮಿಲಿಗ್ರಾಂ, ಎಂ2 ಅಂದರೆ 2, ಜೊತೆಗೆ ಮೆಟ್‌ಫಾರ್ಮಿನ್. ಡಬ್ಬಿಯ ಬಣ್ಣ, ಅಕ್ಷರ ಎಲ್ಲ ಒಂದೇ, ಮೂಲೆಯಲ್ಲಿ ಒಂದಂಕಿ ಮಾತ್ರ ಬೇರೆ. ಒಂದರ ಬದಲು ಎರಡು ಕೊಟ್ಟರೆ, ತಿಂಡಿ ತಿನ್ನದೆ ತೋಟಕ್ಕೆ ಹೋದ ಮನುಷ್ಯ ಬೆವತು ನಡುಗಿ ತೆಂಗಿನ ಬುಡದಲ್ಲಿ ಕುಸಿದು ಕೂರುತ್ತಾನೆ. ಕಡೂರು ಕಡೆಯ ಬಿಸಿಲಿಗೆ "ಬಿಸ್ಲು ತಾಗೈತೆ" ಅಂತ ನೀರು ಚಿಮುಕಿಸುತ್ತಾರೆ. ಅವನಿಗೆ ಬೇಕಾದದ್ದು ಒಂದು ಹಿಡಿ ಸಕ್ಕರೆ.

ಇನ್ನು ಚೀಟಿಯ ಅಕ್ಷರ. ಔಷಧದ ಮೂಲ ಹೆಸರನ್ನು ಓದುವ ಹಾಗೆ, ಆದಷ್ಟೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತು. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದವರು ಸರ್ಕಾರಿ ವೈದ್ಯರು ಕನ್ನಡದಲ್ಲೇ ಚೀಟಿ ಬರೆಯಲಿ ಅಂತ ಆರೋಗ್ಯ ಸಚಿವರಿಗೆ ಪತ್ರ ಬರೆದರು. ಬೇಲಿ ಆಚೆಯವಳು ಅದನ್ನು ಟಿ.ವಿ.ಯಲ್ಲಿ ನೋಡಿದ್ದಳು. "ಹಂಗಾದ್ರೆ ನಮಗೂ ಓದಕ್ಕೆ ಆಗ್ತದಲ್ಲ ಅಕ್ಕಾ?"

ನನ್ನ ಅಭಿಪ್ರಾಯ ಹೀಗೆ. ಮಾತ್ರೆಯ ಹೆಸರು ಸ್ಟ್ರಿಪ್ಪಿನ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಅಚ್ಚಾಗಿರುತ್ತದೆ, ಚೀಟಿಯಲ್ಲೂ ಅದೇ ಅಕ್ಷರ ಇದ್ದರೆ ಹೊಂದಿಸಿ ನೋಡಲು ಅಂಗಡಿಯವರಿಗೂ ಅನುಕೂಲ, ಮನೆಯವರಿಗೂ ಅನುಕೂಲ. ಎಷ್ಟು, ಯಾವಾಗ, ಎಷ್ಟು ದಿನ, ಯಾತಕ್ಕೆ, ಇದೆಲ್ಲ ಕನ್ನಡದಲ್ಲಿ ಇರಲೇಬೇಕು. ಅದರಲ್ಲೂ ಯಾತಕ್ಕೆ ಅನ್ನುವುದು. "ಬಿ.ಪಿ.ಗೆ" ಅಂತ ಎರಡಕ್ಷರ ಕವರ್ ಮೇಲಿದ್ದಿದ್ದರೆ ಬಿಸ್ಕತ್ತಿನ ಟಿನ್ನಿನಲ್ಲಿ ಬಿ.ಪಿ. ಮಾತ್ರೆ ಎರಡು ಕಡೆ ಇದೆ ಅಂತ ಓದು ಬಂದ ಯಾರಿಗಾದರೂ ಕಾಣುತ್ತಿತ್ತು. ಓದು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ ಬರೆದುಕೊಡಬಹುದು. ಒಂದು ಪೆನ್ನು ಸಾಕು.

ಮಕ್ಕಳ ವಿಷಯಕ್ಕೆ ಬರುತ್ತೇನೆ, ಅದೇ ನನಗೆ ಹೆಚ್ಚು ಭಯ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲನ್ನೇ ತಗೊಳ್ಳಿ. ಸಿರಪ್ಪಿನಲ್ಲಿ 5 ಮಿಲಿಗೆ 120 ಅಥವಾ 125 ಮಿಲಿಗ್ರಾಂ ಇರುವ ಬಾಟಲಿ ಒಂದು, 5 ಮಿಲಿಗೆ 250 ಇರುವ ಬಾಟಲಿ ಇನ್ನೊಂದು. ಹಾಲು ಕುಡಿಯುವ ಕೂಸುಗಳಿಗೆ ಬರುವ ಡ್ರಾಪ್ಸ್‌ನಲ್ಲಿ ಒಂದೇ ಮಿಲಿಗೆ 100 ಮಿಲಿಗ್ರಾಂ. ಕೂಸಿನದ್ದು ಅಂದ ಮೇಲೆ ಡ್ರಾಪ್ಸ್ ಮೆದುವಾಗಿರುತ್ತದೆ ಅಂತ ಜನ ತಿಳಿದಿದ್ದಾರೆ. ಹಾಗಲ್ಲ, ಅದೇ ಎಲ್ಲಕ್ಕಿಂತ ಗಟ್ಟಿ. ಡ್ರಾಪ್ಸ್ ಬಾಟಲಿಯಿಂದ 5 ಮಿಲಿ ಮುಚ್ಚಳ ತುಂಬಿಸಿ ಕುಡಿಸಿದರೆ 500 ಮಿಲಿಗ್ರಾಂ, ದೊಡ್ಡವರು ನುಂಗುವ ಒಂದು ಇಡೀ ಮಾತ್ರೆ. ಹತ್ತು ಕೆಜಿ ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು 100ರಿಂದ 150 ಮಿಲಿಗ್ರಾಂ. ಒಂದೆರಡು ದಿನ ಹೀಗೇ ನಡೆದರೆ ಲಿವರ್‌ಗೆ ಪೆಟ್ಟು. ಮಗುವಿನ ತೂಕ ಕೇಳದೆ ಸಿರಪ್ಪು ಕೊಡುವ ಅಂಗಡಿಯಲ್ಲಿ ನೀನೇ ತೂಕ ಹೇಳು ಅಂತ ಅವಳಿಗೆ ಹೇಳಿದೆ. "ಅಂಗನವಾಡಿ ಕಾರ್ಡಲ್ಲಿ ತೂಕ ಬರ್ದಿರ್ತಾರಲ್ಲ, ಅದ್ನೇ ತಗೊಂಡು ಹೋಗ್ತೀನಿ" ಅಂದಳು. ನನಗೆ ಹೊಳೆಯದ ಉಪಾಯ ಅದು, ಎಲ್ಲರಿಗೂ ಹೇಳುತ್ತಿದ್ದೇನೆ.

ಅಳತೆಗೆ ಅಡುಗೆ ಮನೆಯ ಚಮಚ ಬೇಡವೇ ಬೇಡ. ಬಾಟಲಿಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳವನ್ನು ತೊಳೆದು ಇಟ್ಟುಕೊಳ್ಳಬೇಕು, ಒಂದು ಬಾಟಲಿಯದ್ದನ್ನು ಇನ್ನೊಂದಕ್ಕೆ ಹಾಕಬಾರದು. ಆ್ಯಂಟಿಬಯಾಟಿಕ್ ಪುಡಿ ಬಾಟಲಿಗಳು ಬರುತ್ತವಲ್ಲ, ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ ಕಲಕುವಂಥವು, ಅವನ್ನು ಅಂಗಡಿಯಲ್ಲೇ ಕಲಸಿ ತೋರಿಸಿ ಕೊಡಿ ಅಂತ ಕೇಳಬೇಕು. ಪುಡಿಯನ್ನೇ ಚಮಚದಲ್ಲಿ ತಿನ್ನಿಸಿದ ತಾಯಂದಿರನ್ನು ಕಂಡಿದ್ದೇನೆ. ಅವರ ತಪ್ಪಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ಸುಲಿನ್ ಹಾಕಿಕೊಳ್ಳುವವರ ಮನೆಯಲ್ಲಿ ಸೂಜಿಯ ಮುಚ್ಚಳದ ಬಣ್ಣ ನೋಡಬೇಕು. ಕೆಂಪು ಮುಚ್ಚಳದ ಸಿರಿಂಜು 40ರ ಬಾಟಲಿಗೆ, ಕಿತ್ತಳೆ ಮುಚ್ಚಳದ್ದು 100ರ ಬಾಟಲಿಗೆ. ಒಂದು ಮಿಲಿಯಲ್ಲಿ 40 ಯೂನಿಟ್ ಇರುವ ಇನ್ಸುಲಿನ್ನೂ ನಮ್ಮಲ್ಲಿ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಪೆನ್ ಕೆಟ್ಟಿತು ಅಂತ ಅದರ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಂಡರೆ, ಹತ್ತರ ಗೆರೆಗೆ ತುಂಬಿದಾಗ ಮೈಗೆ ಹೋಗುವುದು 25 ಯೂನಿಟ್. ರಾತ್ರಿ ಹಾಕಿಕೊಂಡು ಮಲಗಿದರೆ ಬೆಳಿಗ್ಗೆ ಏಳುವುದು ಅನುಮಾನ. ಡಾಕ್ಟರುಗಳಿಗೂ ಒಂದು ವಿನಂತಿ: ಯೂನಿಟ್ ಅನ್ನುವುದಕ್ಕೆ ಇಂಗ್ಲಿಷಿನ ಯು ಅಕ್ಷರವೊಂದನ್ನೇ ಬರೆಯಬೇಡಿ. ಅವಸರದಲ್ಲಿ ಅದು ಸೊನ್ನೆಯಾಗಿ, 10 ಹೋಗಿ 100 ಆಗುತ್ತದೆ.

ಸ್ಟ್ರಿಪ್ ಕತ್ತರಿಸುವುದನ್ನು ಹೇಳದೆ ಬಿಡಲಾರೆ. ನಮ್ಮ ಕಡೆ ಹತ್ತು ಮಾತ್ರೆಗೆ ದುಡ್ಡಿರುವುದಿಲ್ಲ, ನಾಲ್ಕು ಕೊಡಿ ಅನ್ನುತ್ತಾರೆ. ಕೊಡಲಿ, ತಪ್ಪಲ್ಲ. ಆದರೆ ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಅಚ್ಚಾಗಿರುವುದು ಒಂದು ತುದಿಯಲ್ಲಿ. ಆ ತುದಿ ಅಂಗಡಿಯ ಡಬ್ಬಿಯಲ್ಲಿ ಉಳಿದು ಈ ತುದಿ ಮನೆಗೆ ಬಂದರೆ, ಆರು ತಿಂಗಳ ಮೇಲೆ ಟಿನ್ನಿನಲ್ಲಿ ಅದು ಹೆಸರಿಲ್ಲದ ಮಾತ್ರೆ. ಹಾಗೆ ಕತ್ತರಿಸಿ ಕೊಡುವಾಗ ಕವರ್ ಮೇಲೆ ಹೆಸರು, ತಿಂಗಳು ಬರೆದುಕೊಡಿ ಅಂತ ಕೇಳುವುದು ನಿಮ್ಮ ಹಕ್ಕು. ಹೆಸರು ಗೊತ್ತಿಲ್ಲದ ಮಾತ್ರೆಯನ್ನು "ಇರ್ಲಿ, ಯಾವಾಗ್ಲಾದ್ರೂ ಬೇಕಾಗ್ತದೆ" ಅಂತ ಇಟ್ಟುಕೊಳ್ಳಬೇಡಿ. ಅಜ್ಜಂಪುರ ಅಮೃತಮಹಲ್ ರಾಸುಗಳ ಊರು, ದನ ಕಟ್ಟದ ರೈತರ ಮನೆ ಇಲ್ಲ. ದನದ ಔಷಧವೂ ಮನುಷ್ಯರ ಔಷಧವೂ ಒಂದೇ ಗೂಡಿನಲ್ಲಿ ಇಟ್ಟಿರುವುದನ್ನು, ಪಕ್ಕದಲ್ಲೇ ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಹಳೇ ಟಾನಿಕ್ ಬಾಟಲಿಗೆ ಸುರಿದಿಟ್ಟಿರುವುದನ್ನು ನೋಡಿ ನನಗೆ ಎಷ್ಟೋ ಮನೆಗಳಲ್ಲಿ ಮಾತೇ ಹೊರಡಲಿಲ್ಲ. ಬಾಟಲಿ ಬದಲಿಸಲೇಬಾರದು.

ಅಂಗಡಿಗಳ ಬಗ್ಗೆ ಕಟುವಾಗಿ ಒಂದು ಮಾತು ಹೇಳಬೇಕಾಗಿದೆ. ಚೀಟಿ ನೋಡಿ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರೇ ಅಂತ 1948ರ ಫಾರ್ಮಸಿ ಕಾಯ್ದೆ ಹೇಳುತ್ತದೆ. ಹೇಗೆ ತಗೊಳ್ಳಬೇಕು, ಮರೆತರೆ ಏನು ಮಾಡಬೇಕು, ಏನು ಉಪದ್ರವ ಬರಬಹುದು ಅಂತ ರೋಗಿಗೆ ತಿಳಿಹೇಳುವುದು ಅವರ ಕೆಲಸ ಅಂತ 2015ರ ನಿಯಮಾವಳಿ ಬಿಡಿಸಿ ಬರೆದಿದೆ. ಆದರೂ ಗೋಡೆಯ ಮೇಲೆ ಫ್ರೇಮ್ ಹಾಕಿದ ಸರ್ಟಿಫಿಕೇಟು ಒಬ್ಬರದು, ಕೌಂಟರಿನಲ್ಲಿ ನಿಂತವರು ಇನ್ನೊಬ್ಬರು, ಇದು ನಾಡಿನಲ್ಲೆಲ್ಲ ನಡೆಯುತ್ತಿರುವ ಅನ್ಯಾಯ. ಸರ್ಟಿಫಿಕೇಟು ಬಾಡಿಗೆಗೆ ಕೊಡುವವರು ನನ್ನದೇ ವೃತ್ತಿಯವರು ಅನ್ನುವುದಕ್ಕೆ ನನಗೆ ಹೆಚ್ಚು ನೋವು. ನಮ್ಮ ರಾಜ್ಯದಲ್ಲಿ ಮೈಸೂರಿನ ಜೆಎಸ್‌ಎಸ್ ಕಾಲೇಜಿನವರು 90ರ ದಶಕದಲ್ಲೇ ಫಾರ್ಮಸಿಸ್ಟರನ್ನು ವಾರ್ಡಿಗೆ ಕರಕೊಂಡು ಹೋಗಿ, ರೋಗಿಯ ಪಕ್ಕದಲ್ಲಿ ನಿಂತು ಮಾತ್ರೆಗಳ ಪಟ್ಟಿ ತಪಾಸಣೆ ಮಾಡುವುದನ್ನು ಕಲಿಸಲು ಶುರು ಮಾಡಿದ್ದರು. 2008ರಿಂದ ದೇಶದಲ್ಲಿ ಫಾರ್ಮ್ ಡಿ ಅಂತ ಆರು ವರ್ಷದ ಓದೂ ಬಂತು. ಅಷ್ಟು ಓದಿದ ಹುಡುಗ ಹುಡುಗಿಯರು ತಾಲೂಕು ಆಸ್ಪತ್ರೆಗಳಿಗೆ ಯಾವಾಗ ಬರುತ್ತಾರೆ ಅಂತ ಕಾಯುತ್ತಾ ಇದ್ದೇನೆ.

ಬೆಳಕೂ ಬೇಕು. ಅಮೆರಿಕದ ಸೇನೆಯ ಒಂದು ಔಷಧಾಲಯದಲ್ಲಿ ಮಾತ್ರೆ ಎಣಿಸುವ ಮೇಜಿನ ಮೇಲೆ ದೀಪ ಪ್ರಖರ ಮಾಡಿದಾಗ ತಪ್ಪು ಕೊಡುವುದು ನೂರಕ್ಕೆ 3.8ರಿಂದ 2.6ಕ್ಕೆ ಇಳಿಯಿತು ಅಂತ 1991ರಲ್ಲಿ ಅಚ್ಚಾದ ಅಧ್ಯಯನ ಹೇಳುತ್ತದೆ. ಕರೆಂಟು ಹೋಗಿ ಮೊಬೈಲ್ ಟಾರ್ಚಿನಲ್ಲಿ ಚೀಟಿ ಓದುವ ನಮ್ಮ ಅಂಗಡಿಗಳಿಗೆ ಒಂದು ಬ್ಯಾಟರಿ ದೀಪ ದುಬಾರಿಯೇನಲ್ಲ.

"ಇಷ್ಟೆಲ್ಲ ನೆನಪಲ್ಲಿ ಇಟ್ಕೊಳ್ಳೋದು ಹೆಂಗಕ್ಕಾ?"

ಜಪಾನಿನಲ್ಲಿ ಮಾತ್ರೆಗೇ ಒಂದು ಪುಟ್ಟ ಪುಸ್ತಕ ಇರುತ್ತದೆ ಅಂತ ಹೇಳಿದೆ. ಯಾವ ಆಸ್ಪತ್ರೆಗೆ ಹೋಗಲಿ, ಯಾವ ಅಂಗಡಿಗೆ ಹೋಗಲಿ, ಅದನ್ನು ಮುಂದಿಡುತ್ತಾರೆ, ಕೊಟ್ಟ ಔಷಧ ಅದರಲ್ಲಿ ದಾಖಲಾಗುತ್ತದೆ. ನೀನು ಹಾಲಿನ ಡೈರಿಗೆ ದಿನಾ ಪಾಸ್‌ಬುಕ್ ಒಯ್ದು ಲೀಟರು, ಫ್ಯಾಟು ಬರೆಸಿಕೊಂಡು ಬರುತ್ತೀಯಲ್ಲ, ಹಾಗೆ. ಅವಳಿಗೆ ತಕ್ಷಣ ತಿಳಿಯಿತು. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಆವತ್ತೇ ಗೆರೆ ಹಾಕಿ ಬರೆಯಲು ಕೂತಳು: ಒಳಗಿನ ಮದ್ದಿನ ಹೆಸರು, ಮಿಲಿಗ್ರಾಂ, ಯಾತಕ್ಕೆ, ಯಾವಾಗ, ಯಾರು ಬರೆದದ್ದು, ಯಾವತ್ತಿನಿಂದ. ಒಳಗಿನ ಹೆಸರನ್ನು ಹುಡುಕುವುದು ಈಗ ಮೊದಲಿನಷ್ಟು ಕಷ್ಟ ಇಲ್ಲ. ಕಂಪನಿ ಹೆಸರಿಗಿಂತ ಮೂಲ ಹೆಸರನ್ನು ದೊಡ್ಡದಾಗಿ ಅಚ್ಚು ಮಾಡಬೇಕು ಅಂತ 2018ರಿಂದ ನಿಯಮ ಇದೆ. 2023ರ ಆಗಸ್ಟಿನಿಂದ ಹೆಚ್ಚು ಮಾರಾಟವಾಗುವ 300 ಔಷಧಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮೊಬೈಲ್ ಹಿಡಿದರೆ ಮೂಲ ಹೆಸರು, ತಯಾರಾದ ತಿಂಗಳು, ಮುಗಿಯುವ ತಿಂಗಳು ಎಲ್ಲ ಬರುತ್ತದೆ. ಪಿಯುಸಿ ಓದುವ ಅವಳ ಮಗಳು ಮನೆಯ ಸ್ಟ್ರಿಪ್ಪುಗಳನ್ನೆಲ್ಲ ಹಿಡಿದು ನೋಡಿದಳು.

ಔಷಧದಿಂದ ಏನಾದರೂ ತೊಂದರೆ ಆಯಿತು ಅನ್ನಿಸಿದರೆ 1800-180-3024 ಅಂತ ಉಚಿತ ದೂರವಾಣಿ ಇದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುವುದು. ರೋಗಿಗಳೇ ತುಂಬಬಹುದಾದ ಅವರ ಫಾರಂ ಕನ್ನಡದಲ್ಲೂ ಸಿಗುತ್ತದೆ. ದೂರು ಕೊಟ್ಟು ಯಾರನ್ನೋ ಜೈಲಿಗೆ ಹಾಕಿಸುವ ನಂಬರು ಇದಲ್ಲ, ಇನ್ನೊಬ್ಬರಿಗೆ ಹಾಗಾಗದಿರಲಿ ಅಂತ ತಿಳಿಸುವ ನಂಬರು. ಬರೆದುಕೊಳ್ಳಿ.

ಕೊನೆಗೆ ಅವಳಿಗೆ ಒಬ್ಬ ಹುಡುಗನ ವಿಷಯ ಹೇಳಿದೆ. ಬಸ್ ಸ್ಟ್ಯಾಂಡ್ ಕಡೆ ಹೊಸದಾಗಿ ಮೆಡಿಕಲ್ ಇಟ್ಟಿದ್ದಾನೆ, ಓದಿದವನು, ಸರ್ಟಿಫಿಕೇಟೂ ಅವನದೇ, ಕೌಂಟರಿನಲ್ಲಿ ನಿಲ್ಲುವವನೂ ಅವನೇ. ಹೆಸರು ಒಂದೇ ಥರ ಇರುವ ಮಾತ್ರೆಗಳನ್ನು ಅಕ್ಕಪಕ್ಕ ಇಡುವುದಿಲ್ಲ, ಬೇರೆ ಬೇರೆ ಶೆಲ್ಫಿಗೆ ಹಾಕಿ ಕೆಂಪು ಸ್ಟಿಕ್ಕರ್ ಹಚ್ಚಿದ್ದಾನೆ. ಕವರಿಗೆ ಹಾಕುವ ಮುಂಚೆ ಸ್ಟ್ರಿಪ್ಪನ್ನೂ ಚೀಟಿಯನ್ನೂ ಪಕ್ಕಪಕ್ಕ ಹಿಡಿದು ಗಟ್ಟಿಯಾಗಿ ಓದುತ್ತಾನೆ. ಕಷ್ಟ ಅಂದರೆ ಸಂಜೆ. ಹಳ್ಳಿಯ ಕೊನೇ ಬಸ್ಸು ಹೊರಡುವ ಹೊತ್ತಿಗೆ ಜನ ಒಂದು ಕಾಲು ಅಂಗಡಿಯಲ್ಲಿ, ಒಂದು ಕಾಲು ರಸ್ತೆಯಲ್ಲಿ ಇಟ್ಟು ನಿಂತಿರುತ್ತಾರೆ. ಕಂಡಕ್ಟರ್ ಸೀಟಿ ಊದುತ್ತಾನೆ. ಆ ಕಾಲು ಗಂಟೆಯಲ್ಲಿ ಯಾರಿಗೂ ಏನೂ ತಿಳಿಹೇಳಲು ಆಗುವುದಿಲ್ಲ, ಎಷ್ಟೋ ಸಲ ಚಿಲ್ಲರೆಯನ್ನೂ ತಗೊಳ್ಳದೆ ಓಡುತ್ತಾರೆ. ಅದಕ್ಕೆ ಅವನು ಆ ಹೊತ್ತಿನವರ ಫೋನ್ ನಂಬರನ್ನು ಬಿಲ್ಲಿನ ಮೇಲೆ ಬರೆದುಕೊಳ್ಳುತ್ತಾನೆ. ಅಂಗಡಿ ಬಾಗಿಲು ಎಳೆಯುವ ಮುಂಚೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾನೆ. "ಅಮ್ಮಾ, ಸಂಜೆ ಮಾತ್ರೆ ತಗೊಂಡು ಹೋದ್ರಲ್ಲ, ಕವರ್ ಬಿಚ್ಚಿ. ಯಾವ್ಯಾವುದು ಏನೇನು ಅಂತ ನೀವೇ ಹೇಳಿ ನೋಡೋಣ."

ಲಕ್ಕವಳ್ಳಿ ಕಡೆಯ ಒಬ್ಬಾಕೆಗೆ ಹಾಗೆ ಫೋನ್ ಮಾಡಿದಾಗ ಕಿವಿಗೆ ಬಿಡುವ ಡ್ರಾಪ್ಸನ್ನು ಗಂಡನ ಕಣ್ಣಿಗೆ ಬಿಡಲು ಕೈಯಲ್ಲಿ ಹಿಡಿದು ನಿಂತಿದ್ದಳಂತೆ. ಗಂಡನಿಗೆ ಪೊರೆ ಆಪರೇಷನ್ ಆಗಿತ್ತು. ಕಣ್ಣಿನದ್ದೂ ಕಿವಿಯದ್ದೂ ಎರಡೂ ಅದೇ ಅಳತೆಯ ಪುಟ್ಟ ಬಾಟಲಿಗಳು. ಕಣ್ಣಿನದ್ದು ಯಾವುದು ಅಂತ ಅವಳಿಗೆ ಫೋನಿನಲ್ಲೇ ಹುಡುಕಿಸಿ, ಕಿವಿಯದ್ದಕ್ಕೆ ಒಂದು ಬಟ್ಟೆ ಚೂರು ಕಟ್ಟಿಸಿದನಂತೆ.

"ಯಾವ ಅಂಗ್ಡಿ ಅಕ್ಕಾ ಅದು?"

ಹೇಳಿದೆ. ಹೋಗು, ಆದರೆ ಮನೆಮಂದಿಯ ಮಾತ್ರೆಯನ್ನೆಲ್ಲ ಇನ್ನು ಅದೊಂದೇ ಅಂಗಡಿಯಲ್ಲಿ ತಗೋ, ಹತ್ತು ಕಡೆ ತಿರುಗಬೇಡ, ಪೂರಾ ಪಟ್ಟಿ ಒಬ್ಬನಿಗಾದರೂ ಗೊತ್ತಿರಲಿ. ನೋಟ್‌ಬುಕ್ ಮರೆಯಬೇಡ. ಸಂಜೆ ಬಸ್ಸಿನ ಹೊತ್ತಿಗೆ ಬೇಡ, ಬೆಳಿಗ್ಗೆ ಹತ್ತು ಗಂಟೆಗೆ ಹೋಗು, ಅವನಿಗೂ ಮಾತಾಡಲು ಪುರುಸೊತ್ತಿರುತ್ತದೆ ಅಂದೆ.